ದನಿ ಏರಿಸುವ ಮುನ್ನ



ದನಿಯೊಂದನ್ನೇ ನೆಚ್ಚಿಕೊಂಡ ಮಾಧ್ಯಮ ಬಾನುಲಿ. ನನ್ನ ಮುಖ ನಿಮಗೆ ಕಾಣುವುದಿಲ್ಲ, ಉಡುಪು ಕಾಣುವುದಿಲ್ಲ. ಆದರೂ ನಾನು ಬಾಯಿ ತೆರೆದ ಮರುಗಳಿಗೆಯಲ್ಲೇ ಮಾತಾಡುತ್ತಿರುವುದು ಹೆಣ್ಣೋ ಗಂಡೋ, ವಯಸ್ಸು ಸುಮಾರು ಎಷ್ಟು, ಯಾವ ಸೀಮೆಯ ಕನ್ನಡ ಎಂದು ನಿಮ್ಮ ಕಿವಿ ತೀರ್ಮಾನ ಮಾಡಿ ಮುಗಿಸಿರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಈ ತೀರ್ಮಾನದಿಂದ ಯಾವ ತೊಂದರೆಯೂ ಇಲ್ಲ. ಕೆಲವರಿಗೆ ಮಾತ್ರ ಅದು ದಿನನಿತ್ಯದ ಸಂಕಟ. ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟು, ಈಗ ಹೆಣ್ಣಾಗಿ ಬಾಳುತ್ತಿರುವ ಟ್ರಾನ್ಸ್ ಮಹಿಳೆಯರಲ್ಲಿ ಅನೇಕರು ಈ ಸಂಕಟ ಬಲ್ಲವರು. ದನಿಯನ್ನು ಹೆಣ್ಣುದನಿಯಾಗಿಸುವ ಶಸ್ತ್ರಚಿಕಿತ್ಸೆಗಳು ಈಗ ಇವೆ. ಅವು ಯಾವುವು, ಏನು ಕೊಡುತ್ತವೆ, ಏನು ಕಿತ್ತುಕೊಳ್ಳುತ್ತವೆ, ಹೇಗೆ ತೂಗಿ ನೋಡಬೇಕು ಎಂಬುದು ಇಂದಿನ ನನ್ನ ಮಾತು. ವಾಕ್ ಚಿಕಿತ್ಸೆಯ ಕೆಲಸ ಮಾಡುವವಳಾಗಿ ಈ ಮಾತನ್ನು ಆಡುತ್ತಿದ್ದೇನೆ.

ಬ್ಯಾಂಕಿಗೆ ಫೋನ್ ಮಾಡುವ ಸಣ್ಣ ಕೆಲಸವನ್ನೇ ತೆಗೆದುಕೊಳ್ಳಿ. ಖಾತೆಯಲ್ಲಿರುವ ಹೆಸರು ಹೆಣ್ಣಿನದು, ಗುರುತಿನ ಚೀಟಿಯಲ್ಲೂ ಹಾಗೆಯೇ ಇದೆ. ಆದರೆ ಕೇಳಿಬಂದ ದನಿ ಗಂಡಸಿನದೆಂದು ಆಚೆ ಬದಿಯವರಿಗೆ ಅನ್ನಿಸಿದರೆ ಸಾಕು, "ಖಾತೆದಾರರ ಕೈಗೆ ಫೋನ್ ಕೊಡಿ ಸರ್" ಎಂಬ ಉತ್ತರ ಬರುತ್ತದೆ. ಹಿಂದಿಯಲ್ಲಿ ಮಾತಾಡುವ ಹೆಣ್ಣುಮಗಳು ತನ್ನ ಬಗ್ಗೆ ಹೇಳುವಾಗ ಕ್ರಿಯಾಪದದಲ್ಲಿಯೇ ತಾನು ಹೆಣ್ಣೆಂದು ತಿಳಿಸಬಹುದು. ಕನ್ನಡದಲ್ಲಿ "ಬಂದೆ, ಹೋಗುತ್ತೇನೆ" ಎನ್ನುವುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಹಾಗಾಗಿ ಕನ್ನಡದ ಫೋನ್ ಮಾತಿನಲ್ಲಿ ಗುರುತಿನ ಭಾರವೆಲ್ಲ ದನಿಯ ಮೇಲೆಯೇ ಬೀಳುತ್ತದೆ. ಮನೆ ಬಾಡಿಗೆಗೆ ಕೇಳುವಾಗ, ಕೆಲಸದ ಸಂದರ್ಶನದಲ್ಲಿ, ರಾತ್ರಿ ಹೊತ್ತು ಆಟೊ ಹತ್ತಿ ಬಡಾವಣೆಯ ಹೆಸರು ಹೇಳುವಾಗ ಇದು ಬರೀ ಮುಜುಗರದ ಮಾತಾಗಿ ಉಳಿಯುವುದಿಲ್ಲ, ಸುರಕ್ಷತೆಯ ಪ್ರಶ್ನೆಯಾಗುತ್ತದೆ. ದನಿ ಬದಲಿಸಿಕೊಳ್ಳಬೇಕೆಂಬ ಬಯಕೆಯನ್ನು ಶೋಕಿ ಎಂದು ತಳ್ಳಿಹಾಕುವವರು ಈ ಸಂದರ್ಭಗಳನ್ನು ಒಮ್ಮೆ ನೆನೆಯಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸೋಣ. ಈಸ್ಟ್ರೋಜನ್ ಹಾರ್ಮೋನ್ ತೆಗೆದುಕೊಂಡರೆ ದನಿಯೂ ತಾನಾಗಿ ತೆಳುವಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ನಿರ್ವಾಣ ಮಾಡಿಸಿಕೊಂಡರೆ, ಅಂದರೆ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಆದರೆ, ದನಿ ಹೆಣ್ಣಾಗುತ್ತದೆ ಎಂಬ ಮಾತೂ ಸಮುದಾಯದಲ್ಲಿ ಇದೆ. ಎರಡೂ ನಿಜವಲ್ಲ. ಹರೆಯದಲ್ಲಿ ಟೆಸ್ಟೋಸ್ಟಿರಾನ್ ಏರಿದಾಗ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಬೆಳೆಯುತ್ತದೆ, ಒಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಒಮ್ಮೆ ಬೆಳೆದದ್ದು ಆಮೇಲೆ ಆ ಹಾರ್ಮೋನ್ ನಿಂತರೂ ಕುಗ್ಗುವುದಿಲ್ಲ. ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟ ಟ್ರಾನ್ಸ್ ಪುರುಷರ ವಿಷಯ ಬೇರೆ. ಅವರು ಟೆಸ್ಟೋಸ್ಟಿರಾನ್ ತೆಗೆದುಕೊಂಡಾಗ ದನಿ ಒಡೆದು ಇಳಿಯುತ್ತದೆ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಟ್ರಾನ್ಸ್ ಮಹಿಳೆಯ ದನಿಗೆ ಮಾತ್ರ ಮಾತ್ರೆಯಲ್ಲಿ ಉತ್ತರವಿಲ್ಲ. ಅವಳ ಮುಂದಿರುವುದು ಎರಡೇ ಹಾದಿ. ಒಂದು ತರಬೇತಿ, ಇನ್ನೊಂದು ಶಸ್ತ್ರಚಿಕಿತ್ಸೆ. ಅನೇಕ ಸಲ ಎರಡೂ ಕೂಡಿಯೇ ಬೇಕಾಗುತ್ತವೆ.

ಧ್ವನಿತಂತುಗಳ ಅಳತೆಯನ್ನು ನೋಡೋಣ. ವಯಸ್ಕ ಗಂಡಸರಲ್ಲಿ ಇವುಗಳ ಉದ್ದ ಸುಮಾರು 17ರಿಂದ 21 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 11ರಿಂದ 15 ಮಿಲಿಮೀಟರ್. ಕೆಲವೇ ಮಿಲಿಮೀಟರುಗಳ ಈ ಅಂತರದಿಂದಾಗಿ ಮಾತಾಡುವಾಗ ಗಂಡಸಿನ ತಂತುಗಳು ಸೆಕೆಂಡಿಗೆ ಸುಮಾರು 120 ಸಲ ಕಂಪಿಸಿದರೆ ಹೆಂಗಸಿನವು ಸುಮಾರು 200 ಸಲ ಕಂಪಿಸುತ್ತವೆ. ಇದನ್ನೇ 120 ಹರ್ಟ್ಸ್, 200 ಹರ್ಟ್ಸ್ ಎನ್ನುತ್ತಾರೆ. ದನಿಯ ಸ್ಥಾಯಿ ಎಂದರೆ ಇದೇ. ನಡುವೆ 160 ಹರ್ಟ್ಸಿನ ಆಸುಪಾಸಿನಲ್ಲಿ ಒಂದು ಗಡಿಪ್ರದೇಶವಿದೆ. ಅಲ್ಲಿ ಕಿವಿ ಗಂಡೋ ಹೆಣ್ಣೋ ಎಂದು ತಡವರಿಸುತ್ತದೆ.

ಆದರೆ ಕಿವಿ ಸ್ಥಾಯಿಯೊಂದನ್ನೇ ಕೇಳಿ ತೀರ್ಮಾನಿಸುವುದಿಲ್ಲ. ಧ್ವನಿತಂತುಗಳಿಂದ ತುಟಿಯವರೆಗಿನ ಗಂಟಲು ಬಾಯಿಗಳ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ 14 ಸೆಂಟಿಮೀಟರಿಗೆ ಸಮೀಪ. ಉದ್ದ ಕೊಳವೆಯಲ್ಲಿ ದನಿ ಗುಂಯ್ಗುಟ್ಟುವ ರೀತಿಯೇ ಬೇರೆ. ಇದನ್ನು ಅನುರಣನ ಎನ್ನುತ್ತೇವೆ. ಇದರ ಮಹತ್ವ ಎಷ್ಟೆಂದು ತಿಳಿಯಲು ಹಳೆಯ ಬಗೆಯ ಟೆಲಿಫೋನೇ ಸಾಕ್ಷಿ. ಆ ತಂತಿಯಲ್ಲಿ ಸಾಗುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸಿನ ನಡುವಿನ ಸದ್ದು ಮಾತ್ರ. ಗಂಡಸಿನ 120 ಹರ್ಟ್ಸಾಗಲಿ ಹೆಂಗಸಿನ 200 ಹರ್ಟ್ಸಾಗಲಿ ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಮೇಲಿನ ಕಂಪನಗಳ ಜಾಡು ಹಿಡಿದು ಮಿದುಳೇ ಮೂಲ ಸ್ಥಾಯಿಯನ್ನು ಊಹಿಸಿಕೊಳ್ಳುತ್ತದೆ, ಅನುರಣನವನ್ನು ಮಾತ್ರ ನೇರವಾಗಿ ಕೇಳಿಸಿಕೊಳ್ಳುತ್ತದೆ. ಇವೆರಡರ ಜೊತೆಗೆ ಮಾತಿನ ಏರಿಳಿತ, ಪದಗಳನ್ನು ಎಳೆಯುವ ರೀತಿ, ಉಚ್ಚಾರದ ಮೃದುತ್ವ, ಉಸಿರಿನ ಪ್ರಮಾಣ ಇವೆಲ್ಲ ಸೇರಿ ಒಂದು ದನಿ ಆಗುತ್ತದೆ. ಶಸ್ತ್ರಚಿಕಿತ್ಸೆಗಳು ಮುಟ್ಟುವುದು ಬಹುಮಟ್ಟಿಗೆ ಸ್ಥಾಯಿಯನ್ನು ಮಾತ್ರ. ಸ್ಥಾಯಿ ಏರಿ ಅನುರಣನ ಹಳೆಯದೇ ಉಳಿದರೆ, ಗಂಡಸೊಬ್ಬ ದನಿ ಸಣ್ಣ ಮಾಡಿ ಮಾತಾಡಿದ ಹಾಗೆ ಕೇಳುಗರಿಗೆ ಕೇಳಿಸುವ ಸಂಭವವಿದೆ.

ತರಬೇತಿಯನ್ನು ಮೊದಲ ಹೆಜ್ಜೆಯಾಗಿಡುವುದು ಇದಕ್ಕೇ. ವಾಕ್ ಚಿಕಿತ್ಸಕರ ಬಳಿ ಕೆಲವು ತಿಂಗಳು ಕಲಿಯುವಾಗ ಸ್ಥಾಯಿಯನ್ನು ಗಂಟಲಿಗೆ ಒತ್ತಡವಾಗದಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ನಾಲಿಗೆಯನ್ನು ಮುಂದಕ್ಕೆ ತಂದು, ಧ್ವನಿಪೆಟ್ಟಿಗೆಯನ್ನು ತುಸು ಮೇಲಕ್ಕಿಟ್ಟು, ತುಟಿಗಳನ್ನು ಅಗಲಿಸಿ ಕೊಳವೆಯನ್ನು ಚಿಕ್ಕದು ಮಾಡಿಕೊಳ್ಳುವುದನ್ನು ಕಲಿಸುತ್ತಾರೆ. ಮೊದಲು ಒಂದು ಸ್ವರ, ಆಮೇಲೆ ಪದ, ವಾಕ್ಯ, ಓದು, ಸಂಭಾಷಣೆ, ಕೊನೆಗೆ ಸಂತೆಯ ಗದ್ದಲದಲ್ಲಿ ಮಾತು. ನಮ್ಮ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಅಲ್ಲಿ ಕಲಿತ ವಾಕ್ ಚಿಕಿತ್ಸಕರು ದೇಶದ ಉದ್ದಗಲಕ್ಕೂ ಇದ್ದಾರೆ. ಬರೀ ತರಬೇತಿಯಿಂದಲೇ ತೃಪ್ತಿ ಕಂಡು ಶಸ್ತ್ರಚಿಕಿತ್ಸೆಯ ಯೋಚನೆಯನ್ನು ಕೈಬಿಟ್ಟವರು ಎಷ್ಟೋ ಮಂದಿ. ತರಬೇತಿಯ ದೊಡ್ಡ ಗುಣ ಒಂದಿದೆ. ಅದರಿಂದ ಏನೂ ಕಳೆದುಹೋಗುವುದಿಲ್ಲ. ಹಳೆಯ ದನಿ ಬೇಕೆನಿಸಿದರೆ ಅದು ಅಲ್ಲೇ ಇರುತ್ತದೆ.

ಆದರೆ ಆ ಗುಣವೇ ಕೆಲವರಿಗೆ ತೊಡಕು. ಹಳೆಯ ದನಿ ಅಲ್ಲೇ ಇರುವುದರಿಂದ ಎಚ್ಚರ ತಪ್ಪಿದಾಗ ಅದು ಹೊರಬರುತ್ತದೆ. ಕೆಮ್ಮುವಾಗ, ಸೀನುವಾಗ, ಹೊಟ್ಟೆ ತುಂಬ ನಗುವಾಗ, ಬೆಚ್ಚಿ ಕೂಗಿದಾಗ, ನಿದ್ದೆಗಣ್ಣಿನಲ್ಲಿ ಫೋನ್ ಎತ್ತಿದಾಗ ಬರುವುದು ಕಲಿತ ದನಿಯಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಂದೊಂದು ಮಾತನ್ನೂ ಕಾವಲು ಕಾಯುತ್ತ ಆಡಬೇಕಾದ ಆಯಾಸ ಹೇಳತೀರದು. ನಗುವುದಕ್ಕೇ ಹೆದರುವ ಬದುಕು ಅದು. ಶಸ್ತ್ರಚಿಕಿತ್ಸೆಯನ್ನು ಅರಸುವವರಲ್ಲಿ ಅನೇಕರು ಬಯಸುವುದು ಕೋಗಿಲೆಯ ಕಂಠವನ್ನಲ್ಲ, ಈ ಕಾವಲಿನಿಂದ ಬಿಡುಗಡೆಯನ್ನು. ಈ ಬಯಕೆ ಗೌರವಕ್ಕೆ ಅರ್ಹವಾದದ್ದು. ಆ ಗೌರವದಿಂದಲೇ ನಾನು ಅವರಿಗೆ ಹೇಳುವ ಮಾತು ಇದು: ದನಿ ಎಷ್ಟು ಏರುತ್ತದೆ ಎಂದು ಕೇಳುವ ಮೊದಲು, ಏರಿಸಲಿಕ್ಕಾಗಿ ಏನನ್ನು ಬಿಟ್ಟುಕೊಡಬೇಕು ಎಂದು ಕೇಳಿ. ಪ್ರತಿಯೊಂದು ವಿಧಾನವೂ ಏನನ್ನಾದರೂ ತೆಗೆದುಕೊಂಡೇ ಕೊಡುತ್ತದೆ, ತೆಗೆದುಕೊಳ್ಳುವುದು ಒಂದೊಂದರಲ್ಲಿ ಒಂದೊಂದು.

ವೀಣೆಯ ತಂತಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ತಂತಿಯ ಸ್ವರ ಏರಿಸಲು ಮೂರು ದಾರಿಗಳಿವೆ. ಬಿರಡೆ ತಿರುಗಿಸಿ ತಂತಿಯನ್ನು ಬಿಗಿಮಾಡಬಹುದು. ಮೆಟ್ಟಿಲಿನ ಮೇಲೆ ಬೆರಳೊತ್ತಿ ಮಿಡಿಯುವ ಭಾಗವನ್ನು ಗಿಡ್ಡಮಾಡಬಹುದು. ಮಂದ್ರದ ದಪ್ಪ ತಂತಿಯನ್ನು ಬಿಟ್ಟು ಸಾರಣಿಯಂಥ ತೆಳು ತಂತಿಯನ್ನು ಬಳಸಬಹುದು. ಬಿಗಿ, ಉದ್ದ, ದಪ್ಪ ಈ ಮೂರರಲ್ಲೇ ಸ್ವರದ ಲೆಕ್ಕವಿದೆ. ಧ್ವನಿತಂತುವಿನ ಶಸ್ತ್ರಚಿಕಿತ್ಸೆಗಳೂ ಈ ಮೂರು ದಾರಿಗಳಲ್ಲೇ ನಡೆಯುತ್ತವೆ.

ಮೊದಲನೆಯದು ಬಿಗಿಮಾಡುವ ದಾರಿ. ಜಪಾನಿನ ಕ್ಯೋಟೊದ ವೈದ್ಯ ನೊಬುಹಿಕೊ ಇಶ್ಶಿಕಿ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯ ಚೌಕಟ್ಟನ್ನೇ ಬದಲಿಸಿ ದನಿಯನ್ನು ತಿದ್ದುವ ನಾಲ್ಕು ಬಗೆಯ ಥೈರೋಪ್ಲಾಸ್ಟಿಯನ್ನು 1974ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ನಾಲ್ಕನೆಯದು ಸ್ಥಾಯಿ ಏರಿಸುವಂಥದ್ದು. ನಾವು ಎತ್ತರದ ಸ್ವರ ಹಾಡುವಾಗ ಧ್ವನಿಪೆಟ್ಟಿಗೆಯ ಮುಂಭಾಗದ ಒಂದು ಸ್ನಾಯು ಮೇಲಿನ ಥೈರಾಯ್ಡ್ ಮೃದ್ವಸ್ಥಿಯನ್ನೂ ಕೆಳಗಿನ ಕ್ರೈಕಾಯ್ಡ್ ಮೃದ್ವಸ್ಥಿಯನ್ನೂ ಹತ್ತಿರಕ್ಕೆ ಎಳೆಯುತ್ತದೆ, ತಂತುಗಳು ಬಿಗಿಯಾಗುತ್ತವೆ. ಈ ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆಯ ಮುಂದೆ ಸಣ್ಣ ಗಾಯ ಮಾಡಿ, ಆ ಎರಡನ್ನೂ ಹೊಲಿಗೆಯಿಂದ ಕಾಯಂ ಆಗಿ ಹತ್ತಿರ ಕಟ್ಟಿಬಿಡುತ್ತಾರೆ. ಧ್ವನಿತಂತುಗಳಿಗೆ ಕತ್ತರಿ ತಾಕುವುದೇ ಇಲ್ಲ ಎನ್ನುವುದು ಇದರ ಒಳ್ಳೆಯ ಗುಣ. ಬರೀ ಆ ಜಾಗಕ್ಕೆ ಅರಿವಳಿಕೆ ಕೊಟ್ಟು, ಮೇಜಿನ ಮೇಲೆಯೇ ಮಾತಾಡಿಸಿ ದನಿ ಕೇಳುತ್ತ ಹೊಲಿಗೆ ಬಿಗಿಮಾಡಲೂ ಸಾಧ್ಯ.

ಇದು ತೆಗೆದುಕೊಳ್ಳುವುದೇನು? ಸ್ಥಾಯಿ ಏರಿಸಲೆಂದೇ ಇರುವ ಸ್ನಾಯುವಿನ ಕೆಲಸವನ್ನು ಹೊಲಿಗೆ ಕಸಿದುಕೊಳ್ಳುತ್ತದೆ. ಮಾತು ಸದಾ ಎಳೆದು ಕಟ್ಟಿದ ಎತ್ತರದಲ್ಲೇ ನಿಲ್ಲುತ್ತದೆ, ಏರಿಳಿತ ಕುಗ್ಗುತ್ತದೆ. ಕೆಲವರಲ್ಲಿ ಅದು ಕಳ್ಳದನಿಯ, ಅಂದರೆ ಕೃತಕವಾಗಿ ಏರಿಸಿದ ದನಿಯ, ಹಾಗೆ ಕೇಳಿಸುತ್ತದೆ. ಹೆಣ್ಣುಮಾತಿನ ಸೊಗಸು ಎಂದು ನಾವು ಗುರುತಿಸುವುದರಲ್ಲಿ ಏರಿಳಿತದ ಪಾಲು ದೊಡ್ಡದು. ಆದ್ದರಿಂದ ಈ ನಷ್ಟ ಸಣ್ಣದಲ್ಲ. ಇನ್ನೊಂದು ಸಮಸ್ಯೆ ಬಾಳಿಕೆಯದ್ದು. ಹೊಲಿಗೆ ಸಡಿಲಾಗಿಯೋ ಅಂಗಾಂಶ ಹಿಗ್ಗಿಯೋ ಏರಿದ ದನಿ ತಿಂಗಳುಗಳು, ವರ್ಷಗಳು ಕಳೆದಂತೆ ಮತ್ತೆ ಇಳಿದ ಉದಾಹರಣೆಗಳು ಸಾಕಷ್ಟಿವೆ. ಹೀಗಾಗಿ ಒಂದು ಕಾಲಕ್ಕೆ ಮುಖ್ಯವಾಗಿದ್ದ ಈ ವಿಧಾನ ಈಗ ಅನೇಕ ಕಡೆ ಹಿಂದೆ ಸರಿದಿದೆ.

ಎರಡನೆಯದು ಗಿಡ್ಡಮಾಡುವ ದಾರಿ. ಈಗ ಹೆಚ್ಚು ಪ್ರಚಾರದಲ್ಲಿರುವುದು ಇದೇ. ಬರ್ಲಿನ್ನಿನ ಯುರ್ಗೆನ್ ವೆಂಡ್ಲರ್ 1990ರ ಸುಮಾರಿಗೆ ಇದನ್ನು ವಿವರಿಸಿದರು. ಅವರ ಹೆಸರಿನಿಂದಲೇ ಇದು ವೆಂಡ್ಲರ್ ಗ್ಲಾಟೊಪ್ಲಾಸ್ಟಿ ಎನಿಸಿದೆ. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ ಉಪಕರಣ ಇಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಎರಡೂ ತಂತುಗಳ ಮುಂಭಾಗದ ಮೂರನೇ ಒಂದರಷ್ಟು, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಹೆಚ್ಚು ಉದ್ದದ ಮೇಲ್ಪದರವನ್ನು ತೆಗೆದು, ಆ ಹಸಿ ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ಗಾಯ ಮಾಯ್ದಾಗ ಮುಂಭಾಗ ಬೆಸೆದುಕೊಂಡು, ಕಂಪಿಸಲು ಹಿಂಭಾಗ ಮಾತ್ರ ಉಳಿಯುತ್ತದೆ. ಕುತ್ತಿಗೆಯ ಮೇಲೆ ಗುರುತಿಲ್ಲ. ಪದರ ತೆಗೆಯಲು ಲೇಸರ್ ಬಳಸುವವರಿದ್ದಾರೆ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಇದರದೇ ಮಾರ್ಪಡಿಸಿದ ರೂಪವೊಂದನ್ನು ಮಾಡುತ್ತಾರೆ, ಅದಕ್ಕಾಗಿ ಬೇರೆ ಬೇರೆ ದೇಶಗಳಿಂದ ಜನ ಅಲ್ಲಿಗೆ ಹೋಗುತ್ತಾರೆ. ಪ್ರಕಟವಾದ ವರದಿಗಳನ್ನು ಒಟ್ಟಿಗಿಟ್ಟು ನೋಡಿದರೆ ಸ್ಥಾಯಿಯ ಏರಿಕೆ ಸರಾಸರಿಯಲ್ಲಿ ಹೆಚ್ಚು ಸಿಗುವುದೂ ಈ ದಾರಿಯಲ್ಲೇ. ಹಳೆಯ ದನಿಯ ತಳವೇ ಮೇಲೇಳುವುದರಿಂದ ಕೆಮ್ಮು, ನಗು, ಬೆಚ್ಚಿದ ಕೂಗಿನಲ್ಲೂ ಬದಲಾವಣೆ ಕಾಣುತ್ತದೆ. ಕಾವಲಿನಿಂದ ಬಿಡುಗಡೆ ಎಂದು ಆಗ ಹೇಳಿದೆನಲ್ಲ, ಅದಕ್ಕೆ ಹೆಚ್ಚು ಹತ್ತಿರ ತರುವುದು ಇದು.

ಹಾಗಾದರೆ ಇದು ತೆಗೆದುಕೊಳ್ಳುವುದೇನು? ಮೊದಲನೆಯದು ಗಟ್ಟಿತನ. ಕಂಪಿಸುವ ಭಾಗ ಕಿರಿದಾದ್ದರಿಂದ ದನಿಯ ಜೋರು ತಗ್ಗುತ್ತದೆ. ಗದ್ದಲದಲ್ಲಿ ಕೇಳಿಸುವಂತೆ ಕೂಗುವುದು ಕಷ್ಟವಾಗಬಹುದು. ಎರಡನೆಯದು ಕೆಳಗಿನ ಸ್ವರಗಳು. ಅವು ಹೋಗುವುದು ಬಯಸಿದ್ದೇ ಆದರೂ ಎಷ್ಟೋ ಸಲ ಮೇಲಿನ ಸ್ವರಗಳು ಅದಕ್ಕೆ ಸರಿಸಮನಾಗಿ ಕೂಡಿಕೊಳ್ಳುವುದಿಲ್ಲ. ಒಟ್ಟು ವಿಸ್ತಾರವೇ ಕುಗ್ಗಬಹುದು. ಮೂರನೆಯದು ನಯ. ಧ್ವನಿತಂತುವಿನ ಮೇಲೆ ತೆಳುವಾದ ಮೃದು ಪದರಗಳಿವೆ. ಅವು ಒಳಗಿನ ಸ್ನಾಯುವಿನ ಮೇಲೆ ಅಲೆಯಲೆಯಾಗಿ ಜಾರುವುದರಿಂದಲೇ ದನಿ ತಿಳಿಯಾಗಿರುತ್ತದೆ ಎಂಬುದನ್ನು ಜಪಾನಿನ ಮಿನೊರು ಹಿರಾನೊ 1970ರ ದಶಕದಲ್ಲಿ ತೋರಿಸಿಕೊಟ್ಟರು. ಗಾಯದ ಕಲೆ ಆ ಪದರಗಳಿಗೆ ಹಬ್ಬಿದರೆ ಅವು ಬಿರುಸಾಗುತ್ತವೆ, ದನಿ ಒರಟಾಗುತ್ತದೆ. ಹೊಲಿಗೆ ಬಿಚ್ಚಿಕೊಳ್ಳುವುದು, ಗಾಯದ ಜಾಗದಲ್ಲಿ ಸಣ್ಣ ಗಂಟು ಬೆಳೆಯುವುದು, ಎರಡು ತಂತುಗಳು ಸಮನಾಗಿ ಕೂಡದಿರುವುದು ಇವೂ ಆಗಬಹುದಾದ ತೊಂದರೆಗಳೇ. ಬೆಸೆದದ್ದನ್ನು ಮತ್ತೆ ಬಿಡಿಸಲು ಬಂದೀತು, ಕಲೆಯಾದ ಪದರವನ್ನು ಮೊದಲಿನಂತೆ ಮಾಡಲಾಗದು. ಇದನ್ನು ಹಿಂದಿರುಗಿ ಬರಲಾಗದ ದಾರಿ ಎಂದೇ ತಿಳಿದು ಹೆಜ್ಜೆಯಿಡಬೇಕು.

ಮೂರನೆಯದು ತೆಳುಮಾಡುವ ದಾರಿ. ಲೇಸರಿನಿಂದ ತಂತುಗಳ ದಪ್ಪವನ್ನು ತಗ್ಗಿಸಿ ಬಿಗಿಗೊಳಿಸುತ್ತಾರೆ. ಏರಿಕೆ ಸಾಮಾನ್ಯವಾಗಿ ಕಡಿಮೆ, ಕಲೆಯ ಭಯ ಮಾತ್ರ ಕಡಿಮೆಯಲ್ಲ. ಹೀಗಾಗಿ ಇದನ್ನು ಮೊದಲ ಆಯ್ಕೆಯಾಗಿ ಬಳಸುವುದಕ್ಕಿಂತ ಮತ್ತೊಂದು ಶಸ್ತ್ರಚಿಕಿತ್ಸೆಯ ಮೇಲೆ ಚಿಕ್ಕ ತಿದ್ದುಪಡಿಯಾಗಿ ಬಳಸುವವರೇ ಹೆಚ್ಚು. ಇವಲ್ಲದೆ ಅಮೆರಿಕದ ಪೋರ್ಟ್‌ಲ್ಯಾಂಡಿನ ಜೇಮ್ಸ್ ಥಾಮಸ್ ಎಂಬ ವೈದ್ಯರು ಬೆಳೆಸಿದ ಇನ್ನೊಂದು ವಿಧಾನವಿದೆ. ಅದರಲ್ಲಿ ಕುತ್ತಿಗೆ ತೆರೆದು, ಧ್ವನಿಪೆಟ್ಟಿಗೆಯ ಮುಂಭಾಗದ ಮೃದ್ವಸ್ಥಿಯ ಪಟ್ಟಿಯೊಂದನ್ನೂ ತಂತುಗಳ ಮುಂಭಾಗವನ್ನೂ ತೆಗೆದು, ಉಳಿದದ್ದನ್ನು ಚಿಕ್ಕ ಪೆಟ್ಟಿಗೆಯಾಗಿ ಜೋಡಿಸುತ್ತಾರೆ. ಪೆಟ್ಟಿಗೆಯನ್ನು ಮೇಲಕ್ಕೆತ್ತಿ ಕಟ್ಟುವುದರಿಂದ ಅನುರಣನದ ಕೊಳವೆಯನ್ನೂ ತುಸು ಗಿಡ್ಡ ಮಾಡಬಹುದು. ಸ್ಥಾಯಿಯ ಜೊತೆಗೆ ಅನುರಣನಕ್ಕೂ ಕೈಹಾಕುವ ವಿಧಾನ ಇದು. ಆದರೆ ಎಲ್ಲಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆಯೂ ಇದೇ. ತೊಂದರೆಯಾದರೆ ಅದೂ ದೊಡ್ಡದೇ.

ಇಲ್ಲಿ ಗಂಟಲಮಣಿಯ ಮಾತನ್ನೂ ಹೇಳಲೇಬೇಕು. ಕುತ್ತಿಗೆಯಲ್ಲಿ ಎದ್ದು ಕಾಣುವ ಮಣಿಯನ್ನು ಕೆತ್ತಿ ಸಮ ಮಾಡುವ ಶಸ್ತ್ರಚಿಕಿತ್ಸೆಗೆ ಅನೇಕರು ಹೋಗುತ್ತಾರೆ, ಅದರಿಂದ ದನಿಯೂ ಏರುತ್ತದೆ ಎಂದು ನಂಬಿ. ಏರುವುದಿಲ್ಲ. ಅದು ನೋಟದ ಶಸ್ತ್ರಚಿಕಿತ್ಸೆ. ಅದರಲ್ಲಿ ಅಪಾಯವೂ ಅಡಗಿದೆ. ಮಣಿಯಾಗಿ ಕಾಣುವ ಥೈರಾಯ್ಡ್ ಮೃದ್ವಸ್ಥಿಯ ಒಳಬದಿಯಲ್ಲಿ ಸುಮಾರು ನಡುಮಟ್ಟದಲ್ಲಿ ಧ್ವನಿತಂತುಗಳ ಮುಂದಿನ ತುದಿ ಅಂಟಿಕೊಂಡಿರುತ್ತದೆ. ಅತಿಯಾಗಿ ಕೆತ್ತಿ ಆ ಅಂಟು ಬಿಟ್ಟುಹೋದರೆ ತಂತುಗಳು ಸಡಿಲಾಗಿ ದನಿ ಇನ್ನಷ್ಟು ಇಳಿದುಬಿಡುತ್ತದೆ. ಆ ಅಂಟು ಎಲ್ಲಿದೆ ಎಂದು ನೋಡಿ ಗುರುತಿಟ್ಟುಕೊಂಡೇ ಕೆತ್ತುವ ವೈದ್ಯರ ಬಳಿಗೆ ಮಾತ್ರ ಹೋಗಬೇಕು.

ಇನ್ನು ತೂಗುವ ಕೆಲಸ. ಅದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಸವದತ್ತಿಯ ಯಲ್ಲಮ್ಮನ ಹೆಸರಿನಲ್ಲಿ ಚೌಡಿಕೆ ವಾದ್ಯ ಹಿಡಿದು ಹಾಡುವ ಟ್ರಾನ್ಸ್ ಜೋಗತಿಯರನ್ನು ನೆನೆಯಿರಿ. ಬಯಲಿನಲ್ಲಿ, ಜನಸಂದಣಿಯ ನಡುವೆ, ಗಂಟೆಗಟ್ಟಲೆ ಹಾಡಬೇಕು. ಅವರಿಗೆ ದನಿಯ ಗಟ್ಟಿತನ ಮತ್ತು ವಿಸ್ತಾರವೇ ಕಲೆ, ಅದೇ ಅನ್ನ. ಅಂಥ ಒಬ್ಬರಿಗೆ ಗ್ಲಾಟೊಪ್ಲಾಸ್ಟಿಯ ಲಾಭಕ್ಕಿಂತ ನಷ್ಟ ಹೆಚ್ಚಾಗಬಹುದು. ಮಾತಾಡುವ ದನಿಯನ್ನು ತರಬೇತಿಯಿಂದ ತಿದ್ದಿಕೊಂಡು ಹಾಡುವ ಕಂಠವನ್ನು ಹಾಗೇ ಉಳಿಸಿಕೊಳ್ಳುವುದು ಅವರಿಗೆ ಒಪ್ಪೀತು. ಕಾಲ್ ಸೆಂಟರಿನಲ್ಲಿ ದಿನವಿಡೀ ಫೋನಿನಲ್ಲೇ ಇರುವ ಹುಡುಗಿಯ ಲೆಕ್ಕ ಬೇರೆ. ಅವಳು ಕೂಗಬೇಕಾಗಿಲ್ಲ, ಹಾಡಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಎಂಟು ಗಂಟೆಯೂ ದಣಿಯದ, ಎಚ್ಚರ ತಪ್ಪದ ಸ್ಥಾಯಿ. ನಲವತ್ತು ಮಕ್ಕಳ ತರಗತಿಯಲ್ಲಿ ಪಾಠ ಮಾಡುವ ಶಿಕ್ಷಕಿ ಇವರಿಬ್ಬರ ನಡುವೆ ಎಲ್ಲೋ ಇದ್ದಾಳೆ, ಧ್ವನಿವರ್ಧಕ ಇಟ್ಟುಕೊಂಡು ಪಾಠ ಮಾಡಲು ಶಾಲೆ ಒಪ್ಪುತ್ತದೆಯೇ ಎಂಬುದೂ ಅವಳ ಲೆಕ್ಕದಲ್ಲಿ ಸೇರುತ್ತದೆ. ದನಿ ಬದಲಿಸುವ ಬಯಕೆಯೇ ಇಲ್ಲದೆ, ಇರುವ ದನಿಯಲ್ಲೇ ಹೆಣ್ಣಾಗಿ ನೆಮ್ಮದಿಯಾಗಿರುವ ಟ್ರಾನ್ಸ್ ಮಹಿಳೆಯರೂ ಇದ್ದಾರೆ. ಅವರು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಶಸ್ತ್ರಚಿಕಿತ್ಸೆಯೇ ಆಗಲಿ ಎಂದು ತೀರ್ಮಾನಿಸಿದವರು ಅದರ ಹಿಂದುಮುಂದಿನ ದಿನಗಳನ್ನೂ ಲೆಕ್ಕ ಹಾಕಬೇಕು. ಗ್ಲಾಟೊಪ್ಲಾಸ್ಟಿಯಾದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರ ಪೂರ್ತಿ ಮೌನವಿರಬೇಕು. ಪಿಸುಮಾತೂ ಕೂಡದು. ಆಮೇಲೆ ದಿನಕ್ಕೆ ಕೆಲವು ನಿಮಿಷಗಳಿಂದ ಆರಂಭಿಸಿ ಮಾತನ್ನು ನಿಧಾನವಾಗಿ ಹೆಚ್ಚಿಸಬೇಕು. ಮೊದಲ ವಾರಗಳಲ್ಲಿ ದನಿ ಒಡಕಾಗಿ, ಉಸಿರುಸಿರಾಗಿ ಕೇಳಿಸುತ್ತದೆ. ಅದನ್ನು ಕೇಳಿ ಎದೆಗುಂದಬಾರದು. ದನಿ ಒಂದು ಹದಕ್ಕೆ ಬರಲು ತಿಂಗಳುಗಳೇ ಬೇಕು, ಕೆಲವರಲ್ಲಿ ವರ್ಷವೇ ಹಿಡಿಯುತ್ತದೆ. ದಿನದ ಗಳಿಕೆ ಮಾತನ್ನೇ ನಂಬಿರುವವರಿಗೆ ಈ ಮೌನದ ದಿನಗಳ ಖರ್ಚೂ ಶಸ್ತ್ರಚಿಕಿತ್ಸೆಯ ಖರ್ಚೇ. ಬೀಡಿ, ಸಿಗರೇಟು ಬಿಡಬೇಕು. ಹುಳಿತೇಗಿನ ತೊಂದರೆಯಿದ್ದರೆ ಮೊದಲೇ ಚಿಕಿತ್ಸೆ ಪಡೆಯಬೇಕು. ಹೊಟ್ಟೆಯ ಆಮ್ಲ ಮೇಲೇರಿದರೆ ಗಾಯ ಮಾಯುವುದು ತಡವಾಗುತ್ತದೆ.

ಇನ್ನೊಂದು ವಿಷಯವನ್ನು ಎಲ್ಲರೂ ಮರೆಯುತ್ತಾರೆ, ಶಸ್ತ್ರಚಿಕಿತ್ಸೆಗಳ ಸರದಿ. ದೇಹದ ಬೇರೆ ಶಸ್ತ್ರಚಿಕಿತ್ಸೆಗಳು ಬಾಕಿಯಿದ್ದರೆ ಅವನ್ನು ಮೊದಲು ಮುಗಿಸಿ, ದನಿಯದನ್ನು ಕೊನೆಗಿಟ್ಟುಕೊಳ್ಳುವುದು ಲೇಸು. ಪೂರ್ತಿ ಅರಿವಳಿಕೆ ಕೊಡುವಾಗ ಉಸಿರಿನ ಕೊಳವೆಯನ್ನು ಧ್ವನಿತಂತುಗಳ ನಡುವಿನಿಂದಲೇ ಇಳಿಸುತ್ತಾರೆ. ಬೆಸೆದ ಮುಂಭಾಗಕ್ಕೆ ಅದು ತಾಗಿ ಹರಿಯಬಹುದು. ದನಿಯ ಶಸ್ತ್ರಚಿಕಿತ್ಸೆ ಆದವರು ಮುಂದೆ ಯಾವುದೇ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಅರಿವಳಿಕೆಯ ವೈದ್ಯರಿಗೆ ಈ ವಿಷಯ ಹೇಳಬೇಕು. ಸಣ್ಣ ಅಳತೆಯ ಕೊಳವೆ ಬಳಸುವಂತೆ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡರೂ ಒಳ್ಳೆಯದೇ.

ವೈದ್ಯರ ಮುಂದೆ ಕೂತಾಗ ಕೇಳಲು ಸಂಕೋಚ ಬೇಡ. ಈ ವಿಧಾನವನ್ನು ನೀವು ಎಷ್ಟು ಜನಕ್ಕೆ ಮಾಡಿದ್ದೀರಿ? ಅವರ ಮೊದಲಿನ ಮತ್ತು ವರ್ಷದ ನಂತರದ ಧ್ವನಿಮುದ್ರಣಗಳನ್ನು, ಅವರ ಒಪ್ಪಿಗೆಯಿದ್ದರೆ, ಕೇಳಿಸುವಿರಾ? ಚೆನ್ನಾಗಿ ಬಂದದ್ದನ್ನು ಮಾತ್ರವಲ್ಲ, ಚೆನ್ನಾಗಿ ಬರದಿದ್ದುದನ್ನೂ ಕೇಳಿಸುವಿರಾ? ನಿಮ್ಮ ತಂಡದಲ್ಲಿ ವಾಕ್ ಚಿಕಿತ್ಸಕರು ಇದ್ದಾರೆಯೇ? ಹೊಲಿಗೆ ಬಿಚ್ಚಿಕೊಂಡರೆ ಎರಡನೇ ಸಲದ ಖರ್ಚು ಯಾರದು? ಶಸ್ತ್ರಚಿಕಿತ್ಸೆಗೆ ಮೊದಲು ತಂತುಗಳ ಕಂಪನವನ್ನು ಸ್ಟ್ರೋಬೊಸ್ಕೋಪಿ ಎಂಬ ಪರೀಕ್ಷೆಯಲ್ಲಿ ನೋಡಿ, ದನಿಯ ಸ್ಥಾಯಿ, ವಿಸ್ತಾರ, ಜೋರು, ಒಂದೇ ಉಸಿರಿಗೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೆಲ್ಲ ಅಳೆದು ದಾಖಲಿಸಬೇಕು. ಆ ದಾಖಲೆಯ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಈ ಪ್ರಶ್ನೆಗಳಿಗೆ ಸಿಡುಕುವ ವೈದ್ಯರನ್ನು ಬಿಟ್ಟು ಇನ್ನೊಬ್ಬರನ್ನು ನೋಡುವುದು ನಿಮ್ಮ ಹಕ್ಕು. ಟ್ರಾನ್ಸ್ ವ್ಯಕ್ತಿಗಳ ಆರೋಗ್ಯಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ವೃತ್ತಿಪರ ಸಂಘ, ಡಬ್ಲ್ಯು-ಪಾತ್, 2022ರಲ್ಲಿ ಪ್ರಕಟಿಸಿದ ತನ್ನ ಆರೈಕೆಯ ಮಾನದಂಡಗಳ ಎಂಟನೇ ಆವೃತ್ತಿಯಲ್ಲಿ ದನಿ ಮತ್ತು ಸಂವಹನಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದೆ. ಶಸ್ತ್ರಚಿಕಿತ್ಸೆಯ ಮೊದಲೂ ಆಮೇಲೂ ವಾಕ್ ತಜ್ಞರ ನೆರವು ಸಿಗಬೇಕೆಂಬುದು ಅದರ ಸಲಹೆ.

ಅಳತೆಗಳಲ್ಲಿ ಇನ್ನೂ ಒಂದಿದೆ. ಟ್ರಾನ್ಸ್ ಮಹಿಳೆಯರಿಗಾಗಿಯೇ ಆಸ್ಟ್ರೇಲಿಯಾ ಮತ್ತು ಕೆನಡಾದ ಸಂಶೋಧಕರು ರೂಪಿಸಿದ 30 ಪ್ರಶ್ನೆಗಳ ಒಂದು ಪ್ರಶ್ನಾವಳಿ ಬಳಕೆಯಲ್ಲಿದೆ. ಅದು ಹರ್ಟ್ಸ್ ಕೇಳುವುದಿಲ್ಲ. ನಿಮ್ಮ ದನಿ ದಿನದ ಬದುಕಿಗೆ ಎಷ್ಟು ಅಡ್ಡಿ, ಅದರಿಂದ ಫೋನ್ ಮಾಡಲು ಹಿಂಜರಿಯುತ್ತೀರಾ, ಅಂಥ ಪ್ರಶ್ನೆಗಳನ್ನು ಕೇಳುತ್ತದೆ. ಯಂತ್ರದ ಅಳತೆಯಲ್ಲಿ ಅರವತ್ತು ಹರ್ಟ್ಸ್ ಏರಿಯೂ ಅತೃಪ್ತರಾದವರಿದ್ದಾರೆ, ಇಪ್ಪತ್ತೇ ಏರಿ ಸಂತೋಷಪಟ್ಟವರಿದ್ದಾರೆ. ಆದ್ದರಿಂದ ಚಿಕಿತ್ಸೆಗೆ ಮೊದಲೇ ನಿಮ್ಮ ಗುರಿಯನ್ನು ನಿಮ್ಮ ಮಾತಿನಲ್ಲೇ ಬರೆದುಕೊಳ್ಳಿ. ಅಪರಿಚಿತರು ಫೋನಿನಲ್ಲಿ ಮೇಡಂ ಎನ್ನಬೇಕು, ಸಭೆಯಲ್ಲಿ ಹೆದರದೆ ಎದ್ದು ಮಾತಾಡಬೇಕು, ಹೀಗೆ. ಯಾವ ದಾರಿ ಆ ಗುರಿಗೆ ಕಡಿಮೆ ನಷ್ಟದಲ್ಲಿ ಮುಟ್ಟಿಸುತ್ತದೆ ಎಂದು ನೋಡುವುದೇ ನಿಜವಾದ ತೂಕ.

ಈ ತೂಕವನ್ನು ಟ್ರಾನ್ಸ್ ಮಹಿಳೆಯರ ಹೆಗಲಿಗೇ ಬಿಟ್ಟು ನಾವು ಸುಮ್ಮನಿರುವಂತಿಲ್ಲ. 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ, ಅಂದರೆ ನಾಲ್ಸಾ, ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವೈದ್ಯಕೀಯ ಆರೈಕೆ ಒದಗಿಸುವ ಹೊಣೆಯನ್ನು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಸರ್ಕಾರದ ಮೇಲೆ ಹೊರಿಸಿತು. ಆ ಹೊಣೆಯಲ್ಲಿ ದನಿಯ ತರಬೇತಿಗೂ ಜಾಗವಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಶಸ್ತ್ರಚಿಕಿತ್ಸೆ ದುಬಾರಿ, ಎಲ್ಲ ಊರುಗಳಲ್ಲಿ ಸಿಗದು. ತರಬೇತಿಗೆ ಬೇಕಾದದ್ದು ಕಲಿತ ಒಬ್ಬರು ಮತ್ತು ಒಂದು ಶಾಂತವಾದ ಕೋಣೆ. ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಟ್ರಾನ್ಸ್ ಮಹಿಳೆಯರು ಅವಮಾನದ ಭಯವಿಲ್ಲದೆ ಬಂದು ಕಲಿಯುವಂತಾದರೆ, ಅವಸರದಲ್ಲಿ ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಹೋಗುವವರ ಸಂಖ್ಯೆ ತಗ್ಗೀತು. ನಿಜಕ್ಕೂ ಬೇಕಾದವರು ತಿಳಿದು, ಸಿದ್ಧರಾಗಿ ಹೋದಾರು.

ಮನೆಯವರಿಗೆ, ಗೆಳೆಯರಿಗೆ ಒಂದು ಮಾತು. ನಿಮ್ಮ ಮಗಳು ಅಥವಾ ಅಕ್ಕ ಇಂಥ ಚಿಕಿತ್ಸೆಯ ಯೋಚನೆಯಲ್ಲಿದ್ದರೆ ವೈದ್ಯರಲ್ಲಿಗೆ ಜೊತೆಗೆ ಹೋಗಿ. ಅವಳು ಕೇಳಲು ಮರೆತದ್ದನ್ನು ನೀವು ಕೇಳಿ. ಮೌನದ ವಾರಗಳಲ್ಲಿ ಅವಳ ಪರವಾಗಿ ಫೋನ್ ಎತ್ತಿ. ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿ ಕೂತಿರುವ ಎಲ್ಲರಲ್ಲೂ ನನ್ನ ಬೇಡಿಕೆ ಸಣ್ಣದು. ಫೋನಿನಲ್ಲಿ ಒಬ್ಬರು ತಮ್ಮ ಹೆಸರು ಹೇಳಿದಾಗ, ಗುರುತಿನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಟ್ಟಾಗ, ನಿಮ್ಮ ಕಿವಿಯ ತೀರ್ಮಾನವನ್ನು ಬದಿಗಿಟ್ಟು ಅವರ ಮಾತನ್ನು ನಂಬಿ. ನಾವು ಅಷ್ಟು ಮಾಡಿದರೆ, ನಮ್ಮ ಕಿವಿಗೆ ಹೆದರಿ ಗಂಟಲಿಗೆ ಕತ್ತರಿ ಹಾಕಿಸಿಕೊಳ್ಳುವ ಒತ್ತಾಯ ಯಾರಿಗೂ ಇರುವುದಿಲ್ಲ. ಆಗ ಶಸ್ತ್ರಚಿಕಿತ್ಸೆಗೆ ಹೋಗುವವಳು ತನ್ನ ಇಷ್ಟಕ್ಕಾಗಿ, ತನ್ನ ಲೆಕ್ಕ ತಾನು ಹಾಕಿ, ಲಾಭನಷ್ಟ ಎರಡನ್ನೂ ತಿಳಿದು ಹೋಗುತ್ತಾಳೆ. ಹಾಗೆ ಹೋಗಿ ಬಂದವಳ ಹೊಸ ದನಿಗೂ, ಹೋಗದೆ ಉಳಿದವಳ ಹಳೆಯ ದನಿಗೂ ನಮ್ಮಿಂದ ಸಲ್ಲಬೇಕಾದ ಗೌರವ ಒಂದೇ.